‘ನಾನ್-ಇನ್ವೇಸಿವ್’ ಕರೆಂಟ್ ಸೆನ್ಸರ್: ಸರಿಯಾದ ಕನ್ನಡ ಪದ ಯಾವುದು?

ಬಲ್ಲವರಿಗೆ ನಮಸ್ಕಾರ.

ಐಟಿಐ ಎಲೆಕ್ಟ್ರಿಷಿಯನ್ ವಿದ್ಯಾರ್ಥಿಗಳಿಗಾಗಿ ಬರೆಯುತ್ತಿರುವ ಪಾಠವೊಂದರಲ್ಲಿ, ಕೇಬಲ್ಲನ್ನು ಕತ್ತರಿಸದೆ, ಅದರ ಹೊದಿಕೆಯನ್ನು ಸುಲಿಯದೆ, ಒಳಗೆ ಹರಿಯುವ ಕರೆಂಟನ್ನು ಹೊರಗಿನಿಂದಲೇ ಅಳೆಯುವ ‘ನಾನ್-ಇನ್ವೇಸಿವ್’ ಸೆನ್ಸರ್‌ಗಳ ವಿಷಯ ಬರುತ್ತದೆ. ಈ ವಿಶೇಷಣಕ್ಕೆ ಕನ್ನಡದಲ್ಲಿ ಯಾವ ಪದ ಒಪ್ಪುತ್ತದೆ?

‘ಸ್ಪರ್ಶರಹಿತ’ ಎಂಬ ಸಲಹೆ ಬಂದಿದೆ. ಅದನ್ನು ಒಪ್ಪಲು ನನಗೆ ಗಟ್ಟಿಯಾದ ಅಡ್ಡಿಯಿದೆ. ಇಕ್ಕಳದಂತೆ ಬಾಯಿ ತೆರೆದು ಕೇಬಲ್ಲನ್ನು ಸುತ್ತುವರಿಯುವ ಕ್ಲ್ಯಾಂಪ್ ಮೀಟರಿನ ದವಡೆ ಹೊದಿಕೆಗೆ ತಾಗಿಕೊಂಡೇ ಇರಬಹುದು. ತಾಗದಿರುವುದು ಒಳಗಿನ ತಾಮ್ರಕ್ಕೆ ಮಾತ್ರ. ಸಾಕೆಟ್ಟಿನ ಬಳಿ ಹಿಡಿದರೆ ಮಿನುಗುವ ಪೆನ್ನಿನಂಥ ಟೆಸ್ಟರಿಗೆ ಈ ಪದ ಸರಿಹೋದೀತು, ಆದರೆ ಅದು ತೋರಿಸುವುದು ವೋಲ್ಟೇಜ್ ಇದೆಯೆಂಬುದನ್ನೇ ಹೊರತು ಕರೆಂಟನ್ನಲ್ಲ. ಲೈನಿನಲ್ಲಿ 230 ವೋಲ್ಟ್ ಇದ್ದು ಲೋಡ್ ಆಫ್ ಆಗಿದ್ದರೆ ಪೆನ್ನು ಮಿನುಗುತ್ತದೆ, ಕ್ಲ್ಯಾಂಪ್ ಮೀಟರ್ ಸೊನ್ನೆ ತೋರಿಸುತ್ತದೆ. ಎರಡಕ್ಕೂ ಒಂದೇ ಹೆಸರಿಟ್ಟರೆ, ಕಲಿಯುವ ಹುಡುಗ ಆ ಸೊನ್ನೆಯನ್ನು ನಂಬಿ ತಂತಿಗೆ ಕೈಹಾಕುವ ಅಪಾಯವಿದೆ.

‘ಅನಾಕ್ರಮಕ’ ಎಂಬುದು ಯುದ್ಧದ ಮಾತಿನಂತೆ ಕೇಳುತ್ತದೆ, ಅದನ್ನು ಬಿಟ್ಟಿದ್ದೇನೆ.

ತತ್ತ್ವವನ್ನು ಹಿಡಿದು ‘ಪ್ರೇರಣಾ ಸೆನ್ಸರ್’ ಎನ್ನೋಣವೆಂದರೆ, ಫ್ಯಾರಡೆ 1831ರಲ್ಲಿ ಕಂಡುಕೊಂಡ ವಿದ್ಯುತ್ಕಾಂತೀಯ ಪ್ರೇರಣೆಯನ್ನು (ಬದಲಾಗುವ ಕಾಂತಕ್ಷೇತ್ರ ಸುರುಳಿಯಲ್ಲಿ ವೋಲ್ಟೇಜ್ ಹುಟ್ಟಿಸುವುದು) ನೆಚ್ಚಿದ ಕರೆಂಟ್ ಟ್ರಾನ್ಸ್‌ಫಾರ್ಮರಿಗೂ ರೊಗೊವ್‌ಸ್ಕಿ ಸುರುಳಿಗೂ (ಕೇಬಲ್ಲಿನ ಸುತ್ತ ತೊಡಿಸುವ, ಕಬ್ಬಿಣದ ತಿರುಳಿಲ್ಲದ ಸುರುಳಿ) ಅದು ಸಲ್ಲುತ್ತದೆ. ಇವೆರಡೂ ಬದಲಾಗುವ ಕರೆಂಟನ್ನು ಮಾತ್ರ ಗುರುತಿಸುತ್ತವೆ. ಸೋಲಾರ್ ಫಲಕದಿಂದಲೋ ಬ್ಯಾಟರಿಯಿಂದಲೋ ಬರುವ ಡಿಸಿ ಕೇಬಲ್ಲಿಗೆ ಸಾಮಾನ್ಯವಾಗಿ ಬಳಸುವ, 1879ರಲ್ಲಿ ಎಡ್ವಿನ್ ಹಾಲ್ ಕಂಡ ಪರಿಣಾಮವನ್ನು (ಕರೆಂಟ್ ಹರಿಯುವ ವಾಹಕದ ಮೇಲೆ ಕಾಂತಕ್ಷೇತ್ರ ಬಿದ್ದಾಗ ಅದರ ಅಡ್ಡಕ್ಕೆ ವೋಲ್ಟೇಜ್ ಹುಟ್ಟುವುದು) ಆಧರಿಸಿದ ಸೆನ್ಸರ್ ಈ ಹೆಸರಿನಿಂದ ಹೊರಗುಳಿಯುತ್ತದೆ.

ನನ್ನ ಮನಸ್ಸು ಸದ್ಯ ‘ಸುತ್ತುಸೆನ್ಸರ್’ ಎಂಬುದರತ್ತ ವಾಲಿದೆ. ಸೆನ್ಸರ್ ತಂತಿಯನ್ನು ಸುತ್ತುವರಿಯುತ್ತದೆ ಎಂಬುದು ಹೆಸರಿನಲ್ಲೇ ಇದ್ದರೆ, ಯಾವ ತಂತಿಯನ್ನು ಎಂಬ ಪ್ರಶ್ನೆ ತಾನಾಗಿ ಏಳುತ್ತದೆ, ಮತ್ತು ಪಾಠದಲ್ಲಿ ನಾನು ಒತ್ತಿ ಹೇಳಬೇಕಾದದ್ದೂ ಅದೇ. ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ದವಡೆಯೊಳಗೆ ತೂರಿಸಿದರೆ, ಹೋಗುವ ಮತ್ತು ಮರಳುವ ಕರೆಂಟುಗಳ ಕಾಂತಕ್ಷೇತ್ರಗಳು ಒಂದನ್ನೊಂದು ಅಳಿಸಿಹಾಕಿ, ಪಂಪು ಭರದಿಂದ ಓಡುತ್ತಿದ್ದರೂ ಮೀಟರ್ ಸೊನ್ನೆಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಉಳಿದು ಕಾಣುವುದು ನ್ಯೂಟ್ರಲ್ ಬಿಟ್ಟು ಬೇರೆ ದಾರಿಯಲ್ಲಿ ಭೂಮಿಗೆ ಹೋಗುವ ಸೋರಿಕೆ ಕರೆಂಟ್ ಮಾತ್ರ. ಸೋರಿಕೆಯನ್ನು ಹಿಡಿಯಲು ಬೇಕೆಂದೇ ಹೀಗೆ ಅಳೆಯುವುದೂ ಉಂಟು.

ವರ್ಕ್‌ಶಾಪುಗಳಲ್ಲಿ ಕ್ಲ್ಯಾಂಪ್ ಮೀಟರಿಗೆ ‘ಟಾಂಗ್ ಟೆಸ್ಟರ್’ ಎನ್ನುತ್ತಾರೆ. ಕೈಯಲ್ಲಿ ಹಿಡಿಯುವ ಮೀಟರಿಗೆ ಅದೇ ಇರಲಿ, ಬದಲಿಸುವ ಅಗತ್ಯವಿಲ್ಲ. ಆದರೆ ಪ್ಯಾನೆಲ್ಲಿನಲ್ಲಿ ಕಾಯಂ ಕೂರುವ ಸೆನ್ಸರಿಗೆ ಲೈನ್‌ಮನ್‌ಗಳೋ ಮೋಟಾರ್ ರಿವೈಂಡಿಂಗ್ ಮಾಡುವವರೋ ಬಳಸುವ ಕನ್ನಡದ ಹೆಸರೇನಾದರೂ ಇದ್ದರೆ, ಯಾವ ಭಾಗದಲ್ಲಿ ಕೇಳಿದಿರಿ ಎಂಬುದರೊಂದಿಗೆ ದಯವಿಟ್ಟು ತಿಳಿಸಿ.