ಮೂತ್ರಪಿಂಡದ ಕ್ಯಾನ್ಸರ್ ವಂಶದಲ್ಲಿದ್ದರೆ ಮೊದಲು ಯಾರ ಪರೀಕ್ಷೆ?

ಬದಿಯಡ್ಕದಿಂದ ಪ್ರಶ್ನೆ: ನನ್ನ ಅಣ್ಣನಿಗೆ 38ನೇ ವಯಸ್ಸಿನಲ್ಲೇ ಎರಡೂ ಮೂತ್ರಪಿಂಡಗಳಲ್ಲಿ ಗಡ್ಡೆಗಳು ಕಂಡುಬಂದಿವೆ. ಇದು ವಂಶಪಾರಂಪರ್ಯವಾಗಿ ಬಂದಿರಬಹುದೆಂದು ಮಂಗಳೂರಿನಲ್ಲಿ ನೋಡಿದ ವೈದ್ಯರು ಹೇಳಿದ್ದಾರೆ. ನಾನೂ ನನ್ನ ಇಬ್ಬರು ಮಕ್ಕಳೂ ಕೂಡಲೇ ರಕ್ತ ಪರೀಕ್ಷೆ ಮಾಡಿಸಬೇಕೇ? ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಪೆರ್ಲದಿಂದ: ತಂಗೀ, ಮೊದಲು ಪರೀಕ್ಷೆಯಾಗಬೇಕಾದದ್ದು ನಿಮ್ಮ ಅಣ್ಣನಿಗೆ. ನಾವು ಈ ಕ್ರಮ ತಪ್ಪಿ ಒಂದು ವರ್ಷ ಕಳೆದುಕೊಂಡೆವು. ನಮ್ಮ ಮನೆಯವರಿಗೆ ಗಡ್ಡೆಯೆಂದು ತಿಳಿದಾಗ ಹೆದರಿ ಮಗನ ರಕ್ತವನ್ನೇ ಮೊದಲು ಕಳಿಸಿದೆವು. ದೋಷವಿಲ್ಲವೆಂಬ ವರದಿ ಬಂದಾಗ ದೇವರಿಗೆ ಕೈಮುಗಿದೆವು. ಆಮೇಲೆ ಜೆನೆಟಿಕ್ ಕೌನ್ಸೆಲರ್ (ವಂಶಪಾರಂಪರ್ಯ ಕಾಯಿಲೆಗಳ ಬಗ್ಗೆ ಸಲಹೆ ಕೊಡುವವರು) ಒಬ್ಬರು ನಮ್ಮ ಯಜಮಾನರ ರಕ್ತದ ಪರೀಕ್ಷೆ ಮಾಡಿಸಿದಾಗ, ವಿಎಚ್‌ಎಲ್ ಎಂಬ ಜೀನಿನ ಒಂದು ದೊಡ್ಡ ತುಂಡೇ ಇಲ್ಲವೆಂದು ಗೊತ್ತಾಯಿತು. ಮಗನಿಗೆ ಮಾಡಿಸಿದ್ದ ಪರೀಕ್ಷೆ ಅಂಥ ದೋಷವನ್ನು ಗುರುತಿಸುವಂಥದ್ದಾಗಿರಲಿಲ್ಲ. ಮತ್ತೆ ನೋಡಿದಾಗ ಅವನಲ್ಲಿಯೂ ಅದೇ ಇತ್ತು.

ಅಣ್ಣನ ವರದಿಯಲ್ಲಿ ಜೀನಿನ ಹೆಸರಿನ ಮುಂದೆ ಅಕ್ಷರ, ಅಂಕಿಗಳಲ್ಲಿ ಬರೆದಿರುವ ಸಾಲನ್ನು ಜೋಪಾನವಾಗಿಡಿ. ನಿಮ್ಮಲ್ಲಿ ಹುಡುಕಬೇಕಾದದ್ದು ಅದನ್ನೇ. ನಿಮ್ಮಲ್ಲಿ ಅದು ಇಲ್ಲವಾದರೆ ನಿಮ್ಮ ಮಕ್ಕಳಿಗೆ ಪರೀಕ್ಷೆಯ ಅಗತ್ಯವೇ ಇರುವುದಿಲ್ಲ. ಇದ್ದರೆ ಪ್ರತಿಯೊಂದು ಮಗುವಿಗೂ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ.

ಹಿರಿಯರ ಹಳೆಯ ಕಾಯಿಲೆಗಳನ್ನೂ ಕೇಳಿ ಬರೆದಿಟ್ಟುಕೊಳ್ಳಿ. ನನ್ನ ಮಾವನವರ ಎಡಗಣ್ಣು ಹರೆಯದಲ್ಲೇ ಹೋಗಿತ್ತು. ಅಡಿಕೆಗೆ ಮೈಲುತುತ್ತಿನ ಮದ್ದು ಬಿಡುವಾಗ ಕಣ್ಣಿಗೆ ಬಿದ್ದುದರಿಂದ ಹಾಗಾಯಿತೆಂದು ಮನೆಯವರೆಲ್ಲ ನಂಬಿದ್ದರು. ಆದರೆ ವಿಎಚ್‌ಎಲ್ ದೋಷವಿದ್ದವರಿಗೆ ಕಣ್ಣಿನ ಒಳಪದರದಲ್ಲಿಯೂ ರಕ್ತನಾಳದ ಗಡ್ಡೆಗಳು ಬೆಳೆಯುತ್ತವೆ ಎಂದು ಕೇಳಿದ ದಿನ ನನ್ನ ಅತ್ತೆಯವರು ಬಹಳ ಹೊತ್ತು ಮಾತಾಡಲಿಲ್ಲ.

ಈಗ ಮಗನಿಗೆ 17 ವರ್ಷ. ಪ್ರತಿವರ್ಷವೂ ಕಣ್ಣಿನ ತಪಾಸಣೆ ನಡೆಯುತ್ತದೆ, ಹೊಟ್ಟೆಯ ಎಂಆರ್‌ಐಯನ್ನೂ ವೈದ್ಯರು ಹೇಳಿದ ಅಂತರದಲ್ಲಿ ಮಾಡಿಸುತ್ತಿದ್ದೇವೆ. ವಿಎಚ್‌ಎಲ್‌ನಲ್ಲಿ ಮೂತ್ರಪಿಂಡದ ಗಡ್ಡೆ ಸುಮಾರು 3 ಸೆಂಟಿಮೀಟರ್ ಆಗುವವರೆಗೆ ಸಾಮಾನ್ಯವಾಗಿ ಕಾಯುತ್ತಾರೆ, ಅನಂತರ ಗಡ್ಡೆಯನ್ನಷ್ಟೇ ತೆಗೆದು ಮೂತ್ರಪಿಂಡವನ್ನು ಆದಷ್ಟು ಉಳಿಸುತ್ತಾರೆ. ಅಣ್ಣನಿಗೆ ಯಾವುದೇ ಶಸ್ತ್ರಚಿಕಿತ್ಸೆಯ ಮೊದಲು ಅಡ್ರಿನಲ್ ಗ್ರಂಥಿಯಲ್ಲಿ ಗಡ್ಡೆಯಿಲ್ಲವೆಂದು ಖಚಿತಪಡಿಸಿಕೊಳ್ಳಲು ಹೇಳಿ. ಅದು ತಿಳಿಯದೆ ಅರಿವಳಿಕೆ ಕೊಟ್ಟರೆ ರಕ್ತದೊತ್ತಡ ಅಪಾಯಕರವಾಗಿ ಏರಬಹುದು.

ಮಂಜೇಶ್ವರದಿಂದ: ಪೆರ್ಲದ ಅಕ್ಕ ಹೇಳಿದ ಕಾಯುವ ಕ್ರಮ ಎಲ್ಲ ಜೀನುಗಳಿಗೂ ಸಲ್ಲುವುದಿಲ್ಲ ಎಂಬುದನ್ನು ನಾನು ಸೇರಿಸಲೇಬೇಕು. ನಮ್ಮ ಮನೆತನದಲ್ಲಿರುವುದು ಎಫ್‌ಎಚ್ ಎಂಬ ಜೀನಿನ ದೋಷ. ನನ್ನ ಅಕ್ಕನಿಗೆ 29ರಲ್ಲೇ ಗರ್ಭಕೋಶದ ತುಂಬ ಫೈಬ್ರಾಯ್ಡ್ ಗಡ್ಡೆಗಳಿದ್ದವು, ಅಮ್ಮನ ತೋಳಿನ ಮೇಲೆ ಮುಟ್ಟಿದರೆ ನೋಯುವ ಸಣ್ಣ ಗಂಟುಗಳಿದ್ದವು. ಇವೆರಡಕ್ಕೂ ತಮ್ಮನ ಮೂತ್ರಪಿಂಡದ ಕ್ಯಾನ್ಸರಿಗೂ ಸಂಬಂಧವಿದೆಯೆಂದು ನಮಗೆ ಹೊಳೆಯಲೇ ಇಲ್ಲ. ಈ ಬಗೆಯ ಕ್ಯಾನ್ಸರ್ ಗಡ್ಡೆ ಚಿಕ್ಕದಿರುವಾಗಲೇ ಹರಡಬಲ್ಲದು, ಆದ್ದರಿಂದ ಕಂಡ ಕೂಡಲೇ ಶಸ್ತ್ರಚಿಕಿತ್ಸೆ ಮಾಡಬೇಕೆನ್ನುತ್ತಾರೆ. ಅಣ್ಣನ ವರದಿಯಲ್ಲಿ ಯಾವ ಜೀನಿನ ಹೆಸರಿದೆಯೆಂದು ತಿಳಿದ ಮೇಲೆ ಇಲ್ಲಿ ಬರೆಯಿರಿ.