ಬಟ್ಟಿ ಇಳಿಸುವುದೋ ಆಸವನವೋ? ವಿಸ್ಕಿ ತಯಾರಿಕೆಯ ಕೆಲವು ಪದಗಳ ಬಗ್ಗೆ

ಬಳಗದ ಎಲ್ಲರಿಗೂ ನಮಸ್ಕಾರ.

ಗ್ಲಾಸ್ಗೋದ ನಮ್ಮ ಕನ್ನಡಿಗರ ಗುಂಪಿನ ವಾರ್ಷಿಕ ಸಂಚಿಕೆಗೆ ಸ್ಕಾಟ್‌ಲೆಂಡಿನ ಐಲಾ ದ್ವೀಪದ ಬಗ್ಗೆ ಒಂದು ಪ್ರವಾಸ ಲೇಖನ ಬರೆಯುತ್ತಿದ್ದೇನೆ. ಅದರ ಮುಖ್ಯ ಭಾಗ ಬೋಮೋರ್ ವಿಸ್ಕಿ ಕಾರ್ಖಾನೆಯ ಭೇಟಿ. ಕಡಲಿಗೆ ಬೆನ್ನು ತಾಗಿಸಿಕೊಂಡು ನಿಂತಿರುವ ಈ ಕಾರ್ಖಾನೆ ತನ್ನ ಹುಟ್ಟಿದ ವರ್ಷ 1779 ಎಂದು ಹೇಳಿಕೊಳ್ಳುತ್ತದೆ. ನನ್ನ ಜೊತೆಗೆ ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರಾದ ಸೋದರಮಾವ ಬಂದಿದ್ದರು. ಮಾರ್ಗದರ್ಶಿ ಹೇಳಿದ್ದನ್ನೆಲ್ಲ ಅವರಿಗೆ ಕನ್ನಡದಲ್ಲಿ ಒಪ್ಪಿಸುತ್ತ ಹೋದೆ. ಬಾಯಿಮಾತಿನಲ್ಲಿ ಹೇಗೋ ನಡೆದುಹೋಯಿತು. ಬರೆಯಲು ಕುಳಿತರೆ ಪದಗಳು ತಕರಾರು ತೆಗೆಯುತ್ತಿವೆ.

ಮೊದಲನೆಯದು, ದ್ರವವನ್ನು ಕಾಯಿಸಿ ಅದರ ಆವಿಯನ್ನು ತಂಪಾಗಿಸಿ ಹನಿ ಹಿಡಿಯುವ ಇಡೀ ಕ್ರಿಯೆಯ ಹೆಸರೇ. ಶಾಲೆಯ ವಿಜ್ಞಾನ ಪುಸ್ತಕ ಇದನ್ನು ‘ಆಸವನ’ ಎನ್ನುತ್ತದೆ, ಹಾಗೆ ಸಿಕ್ಕ ನೀರನ್ನು ‘ಆಸವಿತ ನೀರು’ ಎನ್ನುತ್ತದೆ. ನನಗೆ ಈ ಪದದ ಮೇಲೆ ಹಳೆಯ ಸಿಟ್ಟಿದೆ. ಆಯುರ್ವೇದದ ಆಸವವನ್ನು ಯಾರೂ ಬಟ್ಟಿ ಇಳಿಸುವುದಿಲ್ಲ. ಕುಮಾರ್ಯಾಸವವಾಗಲಿ ಅದರ ದಾಯಾದಿ ದ್ರಾಕ್ಷಾರಿಷ್ಟವಾಗಲಿ ಬೆಲ್ಲ, ಧಾತಕಿ ಹೂವು ಸೇರಿಸಿ ಹುದುಗು ಬರಿಸಿದ ದ್ರವಗಳು. ಕಷಾಯ ಕುದಿಸಿ ಹುದುಗಿಸಿದರೆ ಅರಿಷ್ಟ, ಕುದಿಸದೆ ಹುದುಗಿಸಿದರೆ ಆಸವ. ಎರಡರಲ್ಲೂ ಆವಿಯನ್ನು ಹಿಡಿದು ತಂಪಾಗಿಸುವ ಕೆಲಸ ಇಲ್ಲ. ಬೋಮೋರಿನಲ್ಲಿ ಮರದ ದೊಡ್ಡ ತೊಟ್ಟಿಗಳಲ್ಲಿ ಬಾರ್ಲಿಯ ಸಿಹಿನೀರು ಯೀಸ್ಟ್ ಕೂಡಿ ಬುರುಗುಟ್ಟುವುದನ್ನು ನೋಡಿದಾಗ, ಆಸವ ಎಂಬ ಹೆಸರು ಸಲ್ಲಬೇಕಾದ್ದು ಈ ತೊಟ್ಟಿಗೇ ಅನ್ನಿಸಿತು. ಅಲ್ಲಿ ಇರುವುದು ಸುಮಾರು ಶೇ. 8ರ ಮದ್ಯಸಾರದ ಹುಳಿ ಬಿಯರ್. ಪಕ್ಕದ ಕೋಣೆಯ ತಾಮ್ರದ ಹಂಡೆಗಳಲ್ಲಿ ನಡೆಯುವುದು ಬೇರೆಯೇ ಕೆಲಸ. ಪಠ್ಯಪುಸ್ತಕದವರು ಮೊದಲ ಕೋಣೆಯ ಹೆಸರನ್ನು ಎರಡನೆಯದಕ್ಕೆ ಹಾಕಿಬಿಟ್ಟಿದ್ದಾರೆ.

ಹಾಗಾಗಿ ನಾನು ‘ಬಟ್ಟಿ ಇಳಿಸು’ ಎಂದೇ ಬರೆಯುತ್ತಿದ್ದೇನೆ. ಸಂಪಾದಕರ ಆಕ್ಷೇಪ ಏನೆಂದರೆ ‘ಬಟ್ಟಿ’ ಅಂದ ಕೂಡಲೇ ಓದುಗರಿಗೆ ಕಳ್ಳಬಟ್ಟಿ ನೆನಪಾಗುತ್ತದೆ, ಪೊಲೀಸ್ ದಾಳಿಯ ಸುದ್ದಿಯ ವಾಸನೆ ಬರುತ್ತದೆ ಎಂದು. ಇರಬಹುದು. ಆದರೆ ಔಷಧದ ಅಂಗಡಿಯ ಬಟ್ಟಿ ಇಳಿಸಿದ ನೀರಿಗೆ ಆ ಕಳಂಕ ತಟ್ಟಿಲ್ಲವಲ್ಲ! ‘ಅಬಕಾರಿ’ ಎಂಬ ಪದವೂ ಪಾರಸಿಯಲ್ಲಿ ಮದ್ಯ ತಯಾರಿಸುವ ಕಸುಬಿನ ಹೆಸರೇ ಆಗಿತ್ತು. ಈಗ ಅದು ಆ ಕಸುಬಿನ ಮೇಲೆ ಕಣ್ಣಿಡುವ ಸರ್ಕಾರಿ ಇಲಾಖೆ. ಕಾಗುಣಿತದಲ್ಲಿ ಬಟ್ಟಿಯೋ ಭಟ್ಟಿಯೋ ಎಂಬ ಪ್ರಶ್ನೆಯೂ ಇದೆ. ಪತ್ರಿಕೆಗಳಲ್ಲಿ ಎರಡೂ ಕಾಣುತ್ತವೆ, ನಾನು ಅಲ್ಪಪ್ರಾಣಕ್ಕೆ ಅಂಟಿಕೊಂಡಿದ್ದೇನೆ.

ನನ್ನ ನಿಜವಾದ ಪ್ರಶ್ನೆ ‘ಇಳಿಸು’ ಎಂಬ ಕ್ರಿಯಾಪದದ ಮೇಲಿದೆ. ಮರದಿಂದ ಹೆಂಡ ಇಳಿಸುತ್ತೇವೆ, ನೀರಾ ಇಳಿಸುತ್ತೇವೆ. ಅಲ್ಲಿ ಮಡಕೆ ನಿಜವಾಗಿಯೂ ಮೇಲಿನಿಂದ ಕೆಳಗೆ ಬರುತ್ತದೆ. ಅಡುಗೆಮನೆಯಲ್ಲಿ ಕಾಫಿಯ ಡಿಕಾಕ್ಷನ್ ಇಳಿಯುತ್ತದೆ, ಅದು ತೊಟ್ಟಿಕ್ಕಿ ಇಳಿಯುವುದು. ಬಟ್ಟಿಯಲ್ಲಿ ಆವಿ ಮೊದಲು ಮೇಲಕ್ಕೆ ಹೋಗಿ ಆಮೇಲೆ ಹನಿಯಾಗಿ ಕೆಳಗೆ ಬರುತ್ತದೆ. ಈ ಬಳಕೆ ಹೆಂಡದ ಮರದಿಂದ ಬಂದದ್ದೋ, ಹನಿ ಇಳಿಯುವುದರಿಂದ ಬಂದದ್ದೋ? ‘ಹೆಂಡ’ ಪದವಂತೂ ಬಹಳ ಹಳೆಯದು, 12ನೇ ಶತಮಾನದ ಶರಣ ಹೆಂಡದ ಮಾರಯ್ಯನ ಹೆಸರಿನಲ್ಲೇ ಇದೆ. ‘ಬಟ್ಟಿ ಇಳಿಸು’ ಎಂಬ ಜೋಡಿಯ ಹಳೆಯ ಪ್ರಯೋಗ ಯಾರಿಗಾದರೂ ಸಿಕ್ಕಿದ್ದರೆ ದಯವಿಟ್ಟು ಪಂಕ್ತಿ ಸಮೇತ ಹಾಕಿ.

‘ಮಾಲ್ಟ್’ ಬಗ್ಗೆ ಹೆಚ್ಚು ಚರ್ಚೆ ಬೇಕಿಲ್ಲ. ಬಾರ್ಲಿಯನ್ನು ನೆನೆಹಾಕಿ, ಕಲ್ಲಿನ ನೆಲದ ಮೇಲೆ ಹರಡಿ, ಬೇರುಗಳು ಹೆಣೆದುಕೊಳ್ಳದಂತೆ ಮರದ ಸಲಿಕೆಯಿಂದ ತಿರುವಿಹಾಕುವ ಕೆಲಸ ನಾವು ಹೋದಾಗ ಬೋಮೋರಿನಲ್ಲಿ ಇನ್ನೂ ಉಳಿದಿತ್ತು. ನಾನು ಬಾಯಿ ತೆರೆಯುವ ಮೊದಲೇ ಮಾವ, “ಮೊಳಕೆ ಕಟ್ಟಿದ್ದಾರೆ, ರಾಗಿ ಮಾಲ್ಟಿಗೆ ಮಾಡುವ ಹಾಗೆಯೇ” ಎಂದರು. ಪದ ಕನ್ನಡದ್ದೇ ಆಗಿಬಿಟ್ಟಿದೆ. ಮೊಳಕೆಯನ್ನು ಒಣಗಿಸುವಾಗ ಹಾಕುವ ಹೊಗೆಯ ‘ಪೀಟ್’ ಅನ್ನೂ, ಅಂದರೆ ಜೌಗಿನಲ್ಲಿ ಅರೆಕೊಳೆತ ಪಾಚಿಗಿಡಗಳನ್ನು ಇಟ್ಟಿಗೆಯಂತೆ ಕೊಯ್ದು ಒಣಗಿಸಿದ ಉರುವಲನ್ನೂ, ಹಾಗೆಯೇ ಇಟ್ಟುಕೊಳ್ಳುತ್ತೇನೆ.

ಕಷ್ಟ ಶುರುವಾಗುವುದು ಎರಡನೆಯ ಬಟ್ಟಿಯಲ್ಲಿ. ಮೊದಲ ಸಲ ಇಳಿದದ್ದು ಶೇ. 20ರ ಆಚೀಚಿನ ಮಂದ ದ್ರವ. ಅದನ್ನು ಮತ್ತೆ ಹಂಡೆಗೆ ಹಾಕಿ ಇಳಿಸುವಾಗ ಮೂರು ಭಾಗ ಮಾಡುತ್ತಾರೆ. ಮೊದಲು ಬರುವುದು ಮೂಗು ಕಿತ್ತುಹೋಗುವಷ್ಟು ಘಾಟು. ಕೊನೆಗೆ ಬರುವುದು ಭಾರವಾದ, ಒದ್ದೆ ರಟ್ಟಿನ ವಾಸನೆಯ ದ್ರವ. ನಡುವಿನದು ಮಾತ್ರ ಪೀಪಾಯಿಗೆ ಹೋಗುತ್ತದೆ, ಉಳಿದೆರಡೂ ಮುಂದಿನ ಸರದಿಗೆ ಹಂಡೆಗೇ ಮರಳುತ್ತವೆ. ಇದೆಲ್ಲ ಹರಿಯುವುದು ಬೀಗ ಹಾಕಿದ ಹಿತ್ತಾಳೆ ಮತ್ತು ಗಾಜಿನ ಪೆಟ್ಟಿಗೆಯೊಳಗೆ. ಸುಂಕ ತಪ್ಪದಿರಲೆಂದು 19ನೇ ಶತಮಾನದಲ್ಲಿ ಕಡ್ಡಾಯವಾದ ಪೆಟ್ಟಿಗೆ ಅದು, ಬೀಗದ ಕೈ ಸುಂಕದ ಅಧಿಕಾರಿಯ ಬಳಿ ಇರುತ್ತಿತ್ತು. ಮಾವ ಅದಕ್ಕೆ ‘ಗಾಜಿನ ಹುಂಡಿ’ ಎಂದು ಹೆಸರಿಟ್ಟರು. ಆಗ ಬಟ್ಟಿ ಇಳಿಸುವವನು ಕಣ್ಣೆದುರು ಹರಿಯುವುದನ್ನು ಮುಟ್ಟುವಂತಿರಲಿಲ್ಲ, ರುಚಿ ನೋಡುವಂತಿರಲಿಲ್ಲ. ಪೆಟ್ಟಿಗೆಯೊಳಗೇ ನೀರು ಬೆರೆಸಿ ನೋಡುತ್ತಿದ್ದ. ಮೊದಲ ಭಾಗ ನೀರು ಬಿದ್ದರೆ ಹಾಲಿನಂತೆ ಮಬ್ಬಾಗುತ್ತದೆ. ಮಬ್ಬು ನಿಂತು ತಿಳಿಯಾದ ಗಳಿಗೆಯಲ್ಲಿ ಹಿಡಿ ತಿರುಗಿಸಿ ಧಾರೆಯನ್ನು ಬೇರೆ ಪಾತ್ರೆಗೆ ಹರಿಸುತ್ತಿದ್ದ.

ಇಂಗ್ಲಿಷಿನವರು ಈ ಮೂರನ್ನು ತಲೆ, ಹೃದಯ, ಬಾಲ ಎನ್ನುತ್ತಾರೆ. ಹಾಗೇ ಎತ್ತಿಕೊಂಡರೆ ಕನ್ನಡದಲ್ಲಿ ಯಾವುದೋ ಪ್ರಾಣಿ ಕೊಯ್ದಂತೆ ಕೇಳಿಸುತ್ತದೆ. ಮುಂಸಾರ, ನಡುಸಾರ, ಹಿಂಸಾರ ಎಂದು ಒಮ್ಮೆ ಬರೆದೆ. ‘ಹಿಂಸಾರ’ದಲ್ಲಿ ಹಿಂಸೆ ಇಣುಕಿತು. ನಡುವಿನದನ್ನು ‘ಮಧ್ಯಸಾರ’ ಎಂದರೆ ಕರಡು ತಿದ್ದುವವರು ಖಂಡಿತ ‘ಮದ್ಯಸಾರ’ ಎಂದು ತಿದ್ದುತ್ತಾರೆ, ಮೊದಲೇ ಕನ್ನಡಿಗರಿಗೆ ಆ ಎರಡು ಅಕ್ಷರಗಳ ನಡುವೆ ನೆಮ್ಮದಿ ಇಲ್ಲ. ಸದ್ಯಕ್ಕೆ ಮೊದಲ ಸಾರ, ನಡುಸಾರ, ಕೊನೆಯ ಸಾರ ಎಂದಿಟ್ಟಿದ್ದೇನೆ. ಕಾರವಾರ, ಜೋಯಿಡಾ ಕಡೆಯ ಸದಸ್ಯರು ಇಲ್ಲಿ ನೆರವಾಗಬೇಕು. ಗೋವಾದ ಗೇರುಹಣ್ಣಿನ ಬಟ್ಟಿಯಲ್ಲಿ ಮೊದಲ ಸಲ ಇಳಿದದ್ದಕ್ಕೆ ‘ಉರಾಕ್’ ಎಂದೂ ಮತ್ತೆ ಇಳಿಸಿದ್ದಕ್ಕೆ ‘ಫೆನಿ’ ಎಂದೂ ಬೇರೆ ಬೇರೆ ಹೆಸರಿದೆ. ಗಡಿಯ ಈಚೆ ಕನ್ನಡದಲ್ಲಿ ಒಂದೇ ಬಟ್ಟಿಯ ಮೊದಲ, ನಡು, ಕೊನೆಯ ಧಾರೆಗಳಿಗೆ ಕಸುಬಿನವರ ಪದಗಳಿವೆಯೇ? ಕರ್ನಾಟಕದಲ್ಲಿ ಸಾರಾಯಿ ಮಾರಾಟ 2007ರ ಜುಲೈನಲ್ಲಿ ನಿಂತಿತು. ಹಳಬರ ಬಾಯಲ್ಲಿ ಇಂಥ ಪದಗಳಿದ್ದರೆ ಬರೆದಿಟ್ಟುಕೊಳ್ಳುವ ಕಾಲ ಇದೇ.

ಪೀಪಾಯಿಯಿಂದ ಪ್ರತಿ ವರ್ಷ ಆವಿಯಾಗಿ ಹೋಗುವ ಪಾಲಿಗೆ ಸ್ಕಾಟ್‌ಲೆಂಡಿನಲ್ಲಿ ಒಂದು ಚೆಂದದ ಹೆಸರಿದೆ, ಆಕಾಶದ ದೇವದೂತರು ಕುಡಿದರೆಂಬ ಅರ್ಥದ್ದು. ಅಲ್ಲಿನ ಚಳಿಯಲ್ಲಿ ಅದು ಶೇ. 2ರಷ್ಟು. 2004ರಲ್ಲಿ ನಮ್ಮ ಗ್ಲಾಸ್ಗೋಗೇ ಬಂದು ತನ್ನ ಸಿಂಗಲ್ ಮಾಲ್ಟ್ (ಒಂದೇ ಕಾರ್ಖಾನೆಯ, ಮೊಳಕೆ ಬಾರ್ಲಿಯದೇ ವಿಸ್ಕಿ) ಬಿಡುಗಡೆ ಮಾಡಿದ ಬೆಂಗಳೂರಿನ ಅಮೃತ್ ಕಂಪನಿಯ ಪೀಪಾಯಿಗಳಲ್ಲಿ ಶೇ. 10ಕ್ಕೂ ಹೆಚ್ಚು. ಆ ಕಂಪನಿ ಒಂದು ವಿಸ್ಕಿಗೆ ‘ಗ್ರೀಡಿ ಏಂಜಲ್ಸ್’, ಅಂದರೆ ಆಸೆಬುರುಕ ದೇವದೂತರು, ಎಂದೇ ಹೆಸರಿಟ್ಟಿದೆ. ‘ದೇವದೂತರ ಪಾಲು’ ಎಂದರೆ ಚರ್ಚಿನ ಧ್ವನಿ ಬರುತ್ತದೆ, ‘ಹವಿರ್ಭಾಗ’ ಎಂದರೆ ಹೋಮದ ಹೊಗೆ. ನನಗೆ ಹಿಡಿಸಿದ್ದು ‘ಸುರರ ಪಾಲು’. ಸಮುದ್ರ ಮಥನದಲ್ಲಿ ಹುಟ್ಟಿದ ವಾರುಣಿಯನ್ನು, ಎಂದರೆ ಸುರೆಯನ್ನು, ಸ್ವೀಕರಿಸಿದ್ದರಿಂದಲೇ ದೇವತೆಗಳು ಸುರರೆನಿಸಿಕೊಂಡರು ಎಂದು ವಾಲ್ಮೀಕಿ ರಾಮಾಯಣದ ಬಾಲಕಾಂಡ ಹೇಳುತ್ತದೆ. ಅವರಿಗೆ ಸಲ್ಲಬೇಕಾದ್ದು ಸಲ್ಲಲಿ. ಇದು ತೀರಾ ಜಾಣತನವಾಯಿತು ಎನ್ನುವವರು ಹೇಳಿಬಿಡಿ.

ಕೊನೆಯದು ರುಚಿ ನೋಡುವ ಮೇಜು. ಇಲ್ಲಿ ಕನ್ನಡ ಬಡವಾಗಿಲ್ಲ, ನಾವೇ ಬಳಸುತ್ತಿಲ್ಲ. ಮಾರ್ಗದರ್ಶಿ ಮೊದಲು ಗ್ಲಾಸನ್ನು ಮೂಗಿನ ಬಳಿ ಹಿಡಿಯಲು ಹೇಳಿದಳು, ಆಮೇಲೆ ಒಂದೆರಡು ಹನಿ ನೀರು ಹಾಕಿ ಮತ್ತೆ ಮೂಸಲು ಹೇಳಿದಳು. ‘ಆಘ್ರಾಣಿಸು’ ಎಂದು ಬರೆಯಲು ನನಗೆ ಕೈ ಬರುವುದಿಲ್ಲ. ‘ಮೂಸು’ ನಾಯಿಗೆ ಮೀಸಲೆಂದು ಸಂಪಾದಕರ ನಂಬಿಕೆ. ಹೊಗೆಯ ಗುಣಕ್ಕೆ ‘ಕಮರು’ ಇದೆ, ಆದರೆ ಅದರಲ್ಲಿ ಸೀದುಹೋದದ್ದರ ಬೇಸರವೂ ಸೇರಿದೆ, ಹೊಗಳುವ ಮಾತಿಗೆ ಆಗುವುದಿಲ್ಲ. ಹದಿನೈದು ವರ್ಷದ್ದೆಂದು ಕೊಟ್ಟ ಕಂದು ಬಣ್ಣದ ವಿಸ್ಕಿಯನ್ನು ಮಾವ ನಾಲಗೆಯ ಮೇಲೆ ಸ್ವಲ್ಪ ಹೊತ್ತು ನಿಲ್ಲಿಸಿಕೊಂಡು ನುಂಗಿ, “ಇದರಲ್ಲಿ ಚೊಗರು ಇದೆ” ಎಂದರು. ಅಡಿಕೆ ಬೇಯಿಸಿದ ಹಂಡೆಯಲ್ಲಿ ಉಳಿಯುವ ಕೆಂಪುಗಪ್ಪು ದ್ರವ ಚೊಗರು, ಬಾಯಿ ಹಿಡಿಯುವಂಥದ್ದು. ಪೀಪಾಯಿಯ ಓಕ್ ಮರದಿಂದ ವಿಸ್ಕಿಗೆ ಇಳಿಯುವುದೂ ಅದೇ ಜಾತಿಯ, ಟ್ಯಾನಿನ್ ಎಂಬ ಒಗರಿನ ಅಂಶ. ‘ಒಗರು’ ಎಲ್ಲರಿಗೂ ಗೊತ್ತಿರುವ ಪದ. ‘ಚೊಗರು’ ಮಲೆನಾಡಿನಾಚೆ ಎಷ್ಟು ಜನರಿಗೆ ಗೊತ್ತು, ಮತ್ತು ಅದನ್ನು ವಸ್ತುವಿಗಲ್ಲದೆ ರುಚಿಗೂ ಬಳಸುವವರು ಬೇರೆ ಕಡೆ ಇದ್ದಾರೆಯೇ ಎಂಬುದು ನನ್ನ ಪ್ರಶ್ನೆ. ನುಂಗಿದ ಮೇಲೆ ಬಾಯಲ್ಲಿ ಉಳಿಯುವ ರುಚಿಗೂ ಒಂದು ಪದ ಬೇಕು. ‘ಹಿಂರುಚಿ’ ಎಂದು ಒಬ್ಬರು ಸೂಚಿಸಿದ್ದಾರೆ, ಉಚ್ಚರಿಸಲು ಹೋದರೆ ನಾಲಗೆ ತೊಡರುತ್ತದೆ.

ಸಂಚಿಕೆ ಯುಗಾದಿಗೆ ಅಚ್ಚಾಗಬೇಕು. ಅಡಿಕೆ ಸೀಮೆಯವರೂ ಕರಾವಳಿಯವರೂ ಮೊದಲು ಉತ್ತರಿಸಿದರೆ ಉಪಕಾರ.