ಗಾಲ್‌ಬ್ಲಾಡರ್ ಆಪರೇಷನ್: ಪಿತ್ತರಸ ಸೋರದಂತೆ ಏನು ಮಾಡ್ತಾರೆ?

ಪ್ರಶ್ನೆ: ಡಾಕ್ಟ್ರೇ, ನಮ್ಮಕ್ಕನಿಗೆ ಪಿತ್ತಕೋಶದಲ್ಲಿ ಕಲ್ಲು. ಲ್ಯಾಪ್ರೋಸ್ಕೋಪಿ (ಸಣ್ಣ ತೂತುಗಳ ಮೂಲಕ ಆಪರೇಷನ್) ಮಾಡಿ ಪಿತ್ತಕೋಶ ತೆಗೀತಾರಂತೆ. ಪರಿಚಯದವರೊಬ್ಬರಿಗೆ ಇದೇ ಆಪರೇಷನ್ ಆಗಿ, ಒಳಗೆ ಪಿತ್ತರಸ ಸೋರಿ ಮತ್ತೆ ಅಡ್ಮಿಟ್ ಆಗಬೇಕಾಯ್ತು. ಕ್ಲಿಪ್ ಸರಿಯಾಗಿ ಹಾಕಿರಲಿಲ್ಲ ಅಂತಾರೆ. ಇದನ್ನ ತಪ್ಪಿಸೋಕಾಗಲ್ವಾ?

ಉತ್ತರ (ಸರ್ಜನ್): ಬಹುಪಾಲು ತಪ್ಪಿಸಬಹುದು. ಆದ್ರೆ ಎಲ್ಲದಕ್ಕೂ ಕ್ಲಿಪ್ಪನ್ನೇ ದೂರೋಕಾಗಲ್ಲ. ಪಿತ್ತಕೋಶವನ್ನ ಮುಖ್ಯ ಪಿತ್ತನಾಳಕ್ಕೆ ಸೇರಿಸೋ ಸಣ್ಣ ನಾಳವನ್ನ ಕ್ಲಿಪ್ ಹಾಕಿ ಕತ್ತರಿಸ್ತೀವಿ. ಹೆಚ್ಚಾಗಿ ಸೋರೋದು ಅಲ್ಲಿಂದಲೇ. ಕೆಲವರಿಗೆ ಪಿತ್ತಕೋಶ ಅಂಟಿಕೊಂಡಿರೋ ಲಿವರ್ ಜಾಗದಲ್ಲಿ ಕೂದಲೆಳೆಯಂಥ ನಾಳಗಳಿರ್ತವೆ, ಬಿಡಿಸುವಾಗ ಅವು ತುಂಡಾಗಬಹುದು. ಇವೆರಡನ್ನೂ ಸರಿಪಡಿಸಬಹುದು. ನಮಗೆ ನಿಜವಾದ ಭಯ, ಮುಖ್ಯ ನಾಳವನ್ನೇ ಸಣ್ಣದು ಅಂದ್ಕೊಂಡು ಕತ್ತರಿಸಿಬಿಡೋದು.

ಅದಕ್ಕೇ ಕತ್ತರಿ ಹಾಕೋ ಮುಂಚೆ ಮೂರು ವಿಷಯ ಖಾತ್ರಿಯಾಗಬೇಕು: ಆ ಸಣ್ಣ ನಾಳ, ಲಿವರ್ ನಡುವಿನ ಮೂಲೆಯ ಕೊಬ್ಬು, ನಾರು ಪೂರ್ತಿ ಬಿಡಿಸಿರಬೇಕು, ಪಿತ್ತಕೋಶದ ಕೆಳಗಿನ ಮೂರನೇ ಒಂದು ಭಾಗ ಲಿವರ್‌ನಿಂದ ಬಿಟ್ಟಿರಬೇಕು, ಪಿತ್ತಕೋಶಕ್ಕೆ ಹೋಗೋದು ಎರಡೇ ಎಳೆ ಕಾಣಬೇಕು, ಒಂದು ನಾಳ, ಒಂದು ರಕ್ತನಾಳ. 1995ರಲ್ಲಿ ಸರ್ಜನ್ ಸ್ಟ್ರಾಸ್‌ಬರ್ಗ್ ಮತ್ತು ಜೊತೆಗಾರರು ವಿವರಿಸಿದ ಕ್ರಮ ಇದು. ಉರಿಯೂತದಿಂದ ಎಲ್ಲ ಅಂಟಿಕೊಂಡು ಏನೂ ಗೊತ್ತಾಗದಿದ್ರೆ ಡೈ ಹಾಕಿ ಎಕ್ಸ್‌ರೇ ನೋಡ್ತೀವಿ, ಇಲ್ಲವೇ ಪಿತ್ತಕೋಶದ ಒಂದು ಭಾಗವನ್ನ ಅಲ್ಲೇ ಬಿಡ್ತೀವಿ, ಇಲ್ಲವೇ ಹೊಟ್ಟೆ ತೆರೀತೀವಿ. ತೆರೆದ್ರು ಅಂದ್ರೆ ಆಪರೇಷನ್ ಕೆಟ್ಟಿತು ಅಂತ ತಿಳ್ಕೋಬೇಡಿ.

ನಾಳ ದಪ್ಪಗೆ ಊದಿದ್ರೆ ಕ್ಲಿಪ್ ಪೂರ್ತಿ ಕಚ್ಚಲ್ಲ, ಆಗ ದಾರದ ಕುಣಿಕೆ ಬಿಗೀತೀವಿ. ಮುಗಿಸೋ ಮುಂಚೆ ಲಿವರ್ ಮೇಲೆ ಬಿಳಿ ಗಾಜ್ ಬಟ್ಟೆ ಒತ್ತಿ ತೆಗೀತೀನಿ. ಹಳದಿ-ಹಸಿರು ಕಲೆ ಬಂದ್ರೆ ಅಲ್ಲೆಲ್ಲೋ ಸೋರ್ತಿದೆ ಅಂತ ಅರ್ಥ.

ಪ್ರಶ್ನೆ: ಪೈಪ್ (ಡ್ರೈನ್) ಹಾಕಿಸಿಬಿಟ್ರೆ ಸೋರಲ್ವಲ್ಲಾ ಸರ್?

ಉತ್ತರ: ಪೈಪ್ ಸೋರಿಕೆ ತಡೆಯಲ್ಲಮ್ಮ, ಸೋರಿದ್ದನ್ನ ಹೊರಗೆ ತರುತ್ತೆ ಅಷ್ಟೇ. ಎಲ್ಲರಿಗೂ ಬೇಕಾಗಲ್ಲ.

ನೀವು ಮಾಡಬೇಕಾದ್ದು ಬೇರೆ ಇದೆ. ಅಕ್ಕನಿಗೆ ಯಾವಾಗಾದ್ರೂ ಕಾಮಾಲೆ ಆಗಿದ್ರೆ, ಮೂತ್ರ ಕಡು ಬಣ್ಣಕ್ಕೆ ತಿರುಗಿದ್ರೆ ಮೊದಲೇ ಹೇಳಿ. ಮುಖ್ಯ ನಾಳದಲ್ಲಿ ಕಲ್ಲು ಉಳಿದ್ರೆ ಒತ್ತಡ ಏರಿ, ಚೆನ್ನಾಗಿ ಹಾಕಿದ ಕ್ಲಿಪ್ ಹತ್ತಿರವೂ ಸೋರಬಹುದು. ಅನುಮಾನ ಇದ್ರೆ ಮೊದಲೇ ಎಂಆರ್‌ಸಿಪಿ (ಪಿತ್ತನಾಳಗಳನ್ನ ತೋರಿಸೋ ಎಂಆರ್‌ಐ) ಸ್ಕ್ಯಾನ್ ಮಾಡಿಸ್ತಾರೆ.

ಮನೆಗೆ ಬಂದ ಮೇಲೆ ನೋವು ದಿನೇದಿನೇ ಇಳೀಬೇಕು. ಏರ್ತಾ ಹೋದ್ರೆ, ಜ್ವರ ಬಂದ್ರೆ, ಹೊಟ್ಟೆ ಉಬ್ಬಿದ್ರೆ, ಕಣ್ಣು ಹಳದಿಯಾದ್ರೆ ಗ್ಯಾಸ್ ಮಾತ್ರೆ ಕೊಟ್ಟು ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಸಣ್ಣ ಸೋರಿಕೆ ಬೇಗ ಗೊತ್ತಾದ್ರೆ ಪೈಪ್ ಹಾಕಿ, ಎಂಡೋಸ್ಕೋಪಿಯಲ್ಲಿ ನಾಳಕ್ಕೆ ಸ್ಟೆಂಟ್ (ಸಣ್ಣ ಕೊಳವೆ) ಇಟ್ರೆ ಸಾಮಾನ್ಯವಾಗಿ ಮತ್ತೊಂದು ಆಪರೇಷನ್ ಇಲ್ಲದೇ ವಾಸಿಯಾಗುತ್ತೆ.